ಇಪ್ಪತ್ತೆರಡು ಮೆಟ್ಟಿಲಿಗೆ ಒಂಬತ್ತು ದಿನ

ದಾರಪ್ಪನವರು ಗಿಡ ನೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವರೇ ಇದನ್ನು ಬೇರೆ ರೀತಿ ಹೇಳುತ್ತಾರೆ, ಮತ್ತು ಹೇಳುವಾಗ ಮುಖದಲ್ಲಿ ಎಂಥ ಗಾಂಭೀರ್ಯ ಇರುತ್ತದೆಂದರೆ ಎದುರಿಗಿದ್ದವರಿಗೆ ತಲೆಯಾಡಿಸದೆ ಬೇರೆ ಗತಿ ಇರುವುದಿಲ್ಲ.

ಅವರು ಪಾರ್ಸಲ್ ಕಚೇರಿಯ ಗುಮಾಸ್ತರು. ಇಪ್ಪತ್ತೊಂದು ವರ್ಷಗಳಿಂದ ಕೆಳಗಿನ ಮಹಡಿಯ ಮೂರನೆಯ ಕಿಟಕಿಯ ಹಿಂದೆ ಕೂತು, ಜನ ತಂದ ಪೆಟ್ಟಿಗೆಗಳನ್ನು ತೂಗಿ, ದಾರ ಕಟ್ಟಿ, ಅರಗು ಹಚ್ಚಿ, ಠಸ್ಸೆ ಒತ್ತಿ, ಚೀಲಕ್ಕೆ ಇಳಿಸುವುದು ಅವರ ಕೆಲಸ. ಜೇಬಿನಲ್ಲಿ ದಾರ, ಅಂಗಿಯ ತೋಳಿನ ಮೇಲೆ ದಾರ, ಕೆಲವು ದಿನ ಊಟದ ಡಬ್ಬಿಯಲ್ಲೂ ದಾರ ಸಿಗುತ್ತಿದ್ದುದರಿಂದ ಈ ಹೆಸರು ಬಂತು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ. ಆ ಹೆಸರು ಹಿಡಿದು ಕೂಗಿದರೆ ಅವರು ತಿರುಗಿಯೂ ನೋಡುವುದಿಲ್ಲ.

ತೋಟ ಆದದ್ದು ಹೀಗೆ. ಒಂದು ಸಲ ಒಂದು ಪಾರ್ಸಲ್ ಬಂತು. ಪಡೆಯುವವರ ವಿಳಾಸ ತಪ್ಪು, ಕಳಿಸಿದವರ ವಿಳಾಸ ಅಳಿಸಿಹೋಗಿತ್ತು. ಅದು ಒಂದು ವರ್ಷ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿತು. ವರ್ಷ ಕಳೆದ ಮೇಲೆ ಅಂಥದ್ದನ್ನು ಇಬ್ಬರು ಸಾಕ್ಷಿಗಳ ಎದುರು ಬಿಚ್ಚಿ ಒಳಗಿನ ಪದಾರ್ಥವನ್ನು ವಿಲೇವಾರಿ ಮಾಡಬೇಕೆಂದು ನಿಯಮ. ಬಿಚ್ಚಿದರೆ ಕಾಗದದ ಪೊಟ್ಟಣಗಳಲ್ಲಿ ಬರೀ ಬೀಜ. ದಾರಪ್ಪನವರು ಸಾಕ್ಷಿಗಳ ರುಜು ಹಾಕಿಸಿಕೊಂಡು, ಬೀಜವನ್ನೆಲ್ಲ ಹಿಂದಿನ ಕಿಟಕಿಯಿಂದ ಆಚೆ ಚೆಲ್ಲಿ, ಪುಸ್ತಕದಲ್ಲಿ “ವಿಲೇವಾರಿ ಆಯಿತು” ಎಂದು ಬರೆದು ಕೈ ತೊಳೆದುಕೊಂಡರು. ಕೈ ತೊಳೆದ ನೀರೂ ಕೊಳವೆಯಲ್ಲಿ ಅಲ್ಲಿಗೇ ಹೋಗಿ ಬಿತ್ತು. ಮಾರನೆಯ ವಾರ ಮಳೆ ಹಿಡಿಯಿತು. ಆ ಕಚೇರಿಯ ಇತಿಹಾಸದಲ್ಲಿ ಇಷ್ಟು ಫಲ ಕೊಟ್ಟ ವಿಲೇವಾರಿ ಇನ್ನೊಂದಿಲ್ಲ.

ಮೂರು ತಿಂಗಳು ಕಳೆಯುವಷ್ಟರಲ್ಲಿ ಹಿಂದಿನ ಅಂಗಳ ಗುರುತು ಸಿಗದ ಹಾಗಾಯಿತು. ಚಕ್ರ ಕಳಚಿದ ಹಳೆಯ ತಳ್ಳುಗಾಡಿಯ ಮೇಲೆ ಹುರುಳಿಕಾಯಿ ಬಳ್ಳಿ ಹತ್ತಿತು. ಕಿಟಕಿಯ ಸರಳುಗಳಲ್ಲಿ ಸೌತೆಕಾಯಿ ಜೋತಾಡಿತು. ಉಳಿದ ಕಡೆಯೆಲ್ಲ ಟೊಮೇಟೊ, ಕೆಂಪಗೆ, ಗೊಂಚಲು ಗೊಂಚಲಾಗಿ. ದಾರಪ್ಪನವರು ಕಿಟಕಿಯಿಂದ ಇಣುಕಿ ನೋಡಿದರು, ಆಚೆ ಈಚೆ ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡರು, ಆ ಕ್ಷಣದಿಂದ ಬೇಸಾಯಗಾರರಾದರು.

“ಮಣ್ಣನ್ನ ಅರ್ಥ ಮಾಡ್ಕೋಬೇಕು,” ಎಂದು ಎರಡನೆಯ ಕಿಟಕಿಯ ಗುಮಾಸ್ತರಿಗೆ ಹೇಳಿದರು. ಆ ಗುಮಾಸ್ತರು ವಿಲೇವಾರಿಗೆ ಸಾಕ್ಷಿಯಾಗಿ ರುಜು ಹಾಕಿದವರೇ. ಆದರೂ ಗೌರವದಿಂದ ಕೇಳಿಸಿಕೊಂಡರು.

ಇದರಲ್ಲಿ ಬರೀ ಜಂಬ ಇತ್ತು ಎಂದರೆ ದಾರಪ್ಪನವರಿಗೆ ಅನ್ಯಾಯ ಮಾಡಿದಂತೆ. ತರಕಾರಿ ವಿಷಯದಲ್ಲಿ ಮನೆಯಲ್ಲಿ ಅವರ ಹೆಸರು ಪೂರಾ ಕೆಟ್ಟಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಹುರುಳಿಕಾಯಿ ತಂದುಕೊಟ್ಟಿದ್ದರು. ಹೆಂಡತಿ ಮುರಿಯಲು ನೋಡಿದರೆ ಅದು ಮುರಿಯದೆ ಬಳುಕಿತು. “ಇದನ್ನ ಪಾರ್ಸಲ್ ಕಟ್ಟೋಕೆ ಇಟ್ಕೊಳ್ಳಿ,” ಎಂದು ಆಕೆ ಕಟ್ಟನ್ನು ಅವರ ಕೈಗೇ ವಾಪಸ್ಸು ಕೊಟ್ಟಿದ್ದಳು. ಅಂದಿನಿಂದ ಹತ್ತೊಂಬತ್ತು ವರ್ಷ ಅವರಿಗೆ ಮಾರುಕಟ್ಟೆಯ ಕಡೆ ಮುಖ ಹಾಕಲು ಅಪ್ಪಣೆ ಇರಲಿಲ್ಲ.

ಹಾಗಾಗಿ ಮೊದಲ ಸಲ ಚೀಲದಲ್ಲಿ ಟೊಮೇಟೊ ತುಂಬಿಕೊಂಡು ಮನೆಗೆ ಹೋದಾಗ ಅವರು ಚೀಲವನ್ನು ಬಾಗಿಲಲ್ಲೇ ಇಳಿಸಿ ಒಂದು ಹೆಜ್ಜೆ ಹಿಂದೆ ನಿಂತರು. ಹೆಂಡತಿ ಒಂದನ್ನು ಹಿಡಿದು, ಒತ್ತಿ ನೋಡಿ, ಮೂಸಿ, ಈಳಿಗೆಗೆ ಕೊಟ್ಟಳು. ನಿಂತಲ್ಲೇ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಹೋಳು. ಉಪ್ಪಿನ ಡಬ್ಬಿ ತೆಗೆದಳು. ಒಂದು ಪೂರ್ತಿ ಹಣ್ಣು ಮುಗಿದ ಮೇಲೆ ಕೇಳಿದಳು.

“ಎಲ್ಲಿ ತಂದ್ರಿ?”

“ತರಲಿಲ್ಲ. ಬೆಳೆದೆ.”

“ಯಾರು?”

“ನಾನು.”

ಆಕೆ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ತಪ್ಪು ಮನೆಗೆ ಬಂದ ಪೆಟ್ಟಿಗೆಯನ್ನು ನೋಡುವಂತೆ. ಆಮೇಲೆ, “ನಾಳೆನೂ ತನ್ನಿ,” ಎಂದಳು.

ನಾಳೆನೂ ತನ್ನಿ. ಈ ಎರಡು ಪದಗಳನ್ನು ದಾರಪ್ಪನವರು ಕೈಕಾಲು ತೊಳೆಯುವಾಗ ಒಂದು ಸಲ, ಊಟಕ್ಕೆ ಕೂತಾಗ ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡರು. ಅವರಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೇಲಿಯ ಮೇಲಿಂದ ಕೈ ಚಾಚಿ ಎರಡು ಹಣ್ಣು ಈಸಿಕೊಂಡು ತಿಂದು, “ಅಂಗಡಿ ಟೊಮೇಟೊ ನನಗಿಂತ ಹೆಚ್ಚು ಊರು ಸುತ್ತಿರುತ್ತೆ ಕಣಯ್ಯ. ಸುತ್ತಿ ಸುತ್ತಿ ಅದಕ್ಕೆ ತಾನು ಟೊಮೇಟೊ ಅನ್ನೋದೇ ಮರೆತುಹೋಗಿರುತ್ತೆ. ಇದಕ್ಕೆ ಇನ್ನೂ ನೆನಪಿದೆ,” ಎಂದು ಪ್ರಮಾಣಪತ್ರ ಕೊಟ್ಟರು. ಮೇಷ್ಟ್ರು ಯಾವುದರ ಬಗ್ಗೆಯೂ ಸಲಹೆ ಕೊಡಬಲ್ಲವರು. ಇದು ಮುಂದೆ ದುಬಾರಿಯಾಯಿತು.

ಹೀಗೆ ಎಲ್ಲ ಸುಖವಾಗಿರುವಾಗ ಮೇಲಿನ ಮಹಡಿಯಿಂದ ಸುತ್ತೋಲೆ ಇಳಿಯಿತು.

ಮೇಲಿನ ಮಹಡಿಯಲ್ಲಿ ಸಾಹೇಬರು ಇರುತ್ತಾರೆ. ಬಂದು ನಾಲ್ಕು ತಿಂಗಳಾಗಿತ್ತು. ಮಾತಾಡುವಾಗಲೂ ಅಂಕಿ ಹಾಕಿಕೊಂಡೇ ಮಾತಾಡುವವರು. ಮೊದಲ ದಿನ ಎಲ್ಲರನ್ನೂ ಕರೆಸಿ, “ಕ್ರಮಸಂಖ್ಯೆ ಒಂದು, ನಮಸ್ಕಾರ. ಕ್ರಮಸಂಖ್ಯೆ ಎರಡು, ಎಲ್ಲರೂ ಅವರವರ ಜಾಗಕ್ಕೆ ಹೋಗಿ,” ಎಂದಿದ್ದರಂತೆ. ಅಂದು ಸಂಜೆಯೊಳಗೆ ಅವರಿಗೆ ಕ್ರಮಸಂಖ್ಯೆ ಸಾಹೇಬರೆಂದು ಹೆಸರು ಬಿದ್ದಿತ್ತು. ಈಗ ಬಂದ ಸುತ್ತೋಲೆಯಲ್ಲಿ, ಕಚೇರಿಯ ಹಿಂಭಾಗದ ಜಾಗಕ್ಕೆ ಕಾಂಕ್ರೀಟು ಹಾಕಿ ವ್ಯಾನುಗಳ ನಿಲುಗಡೆ ಮಾಡಲಾಗುವುದೆಂದೂ, ಮೂವತ್ತು ದಿನಗಳೊಳಗೆ ಅಲ್ಲಿರುವ ಕಸಕಡ್ಡಿಯನ್ನು ತೆರವು ಮಾಡತಕ್ಕದ್ದೆಂದೂ ಇತ್ತು.

ದಾರಪ್ಪನವರು ಅದನ್ನು ನಾಲ್ಕು ಸಲ ಓದಿದರು. ಕಚೇರಿಗೆ ಇದ್ದದ್ದು ಎರಡು ವ್ಯಾನು. ಎರಡೂ ಮುಂದುಗಡೆ ಮರದ ಕೆಳಗೆ ಆರಾಮವಾಗಿ ನಿಲ್ಲುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಚುಚ್ಚಿದ್ದು “ಕಸಕಡ್ಡಿ” ಎನ್ನುವ ಮಾತು. ತೋಟ ಹೋದರೆ ತರಕಾರಿ ಮಾತ್ರ ಹೋಗುವುದಿಲ್ಲ, ಮನೆಯಲ್ಲಿ ಹತ್ತೊಂಬತ್ತು ವರ್ಷದ ಮೇಲೆ ಸಿಕ್ಕ ಮರ್ಯಾದೆಯೂ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮತ್ತೆ ಬಳುಕುವ ಹುರುಳಿಕಾಯಿಯ ಕಾಲಕ್ಕೆ ಮರಳಬೇಕು.

ಸಾಹೇಬರನ್ನು ಕಂಡು ಮಾತಾಡೋಣವೆಂದು ಮೆಟ್ಟಿಲ ಹತ್ತಿರ ಹೋದರು. ಒಂದು ಬುಟ್ಟಿಯಲ್ಲಿ ಆಗತಾನೆ ಕಿತ್ತ ಹನ್ನೆರಡು ಟೊಮೇಟೊ. ಮೆಟ್ಟಿಲ ಬುಡದಲ್ಲಿ ಸ್ಟೂಲು ಹಾಕಿಕೊಂಡು ಸಾಹೇಬರ ಹಿರಿಯ ಜವಾನರು ಕೂತಿದ್ದರು. ಯಾರನ್ನೂ ಮೇಲೆ ಬಿಡದಿರುವುದು ಅವರ ಉದ್ಯೋಗ, ಅದನ್ನು ಅವರು ನಿದ್ದೆಯಲ್ಲೂ ಮಾಡಬಲ್ಲರು.

“ಬುಟ್ಟಿ ಏನು?” ಎಂದರು ಕಣ್ಣು ತೆರೆಯದೆ.

“ನಾಲ್ಕು ಹಣ್ಣು. ಸಾಹೇಬ್ರು ಒಂದ್ಸಲ ರುಚಿ ನೋಡಿದ್ರೆ ಮನಸ್ಸು ಬದಲಾಯಿಸ್ತಾರೆ ಅಂತ.”

“ನೋಡಪ್ಪ, ಅವರು ಯಾರ ಕೈಯಿಂದಾನೂ ಏನೂ ತಗೊಳ್ಳಲ್ಲ. ಹಿಂದಿನ ಊರಲ್ಲಿ ಯಾರೋ ಒಂದು ನಿಂಬೆಹಣ್ಣು ಕೈಗಿಟ್ರಂತೆ. ಆ ನಿಂಬೆಹಣ್ಣನ್ನ ವಾಪಸ್ಸು ಕೊಡೋಕೆ ಆರು ಪತ್ರ ಬರೆದ್ರಂತೆ. ಏನಿದ್ರೂ ಸೂಕ್ತ ಮಾರ್ಗದ ಮೂಲಕ ಬರ್ಬೇಕು. ಟಪಾಲಲ್ಲಿ ಬಂದ್ರೆ ತಗೋತಾರೆ, ರುಜು ಹಾಕ್ತಾರೆ.”

ಬೇರೆ ಯಾರಾದರೂ ಆಗಿದ್ದರೆ ಇದು ಹೋಗು ಎನ್ನುವುದರ ಇನ್ನೊಂದು ರೂಪ ಎಂದು ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ದಾರಪ್ಪನವರ ಮುಖ ಅರಳಿತು. ಸೂಕ್ತ ಮಾರ್ಗ ಎಂದರೆ ಅವರದೇ ಕಿಟಕಿ. ನೇರವಾಗಿ ಹೋಗಿ ಸ್ವಂತ ಕುರ್ಚಿಯಲ್ಲಿ ಕೂತು, ಟೊಮೇಟೊಗಳನ್ನು ಒಣಹುಲ್ಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಇಟ್ಟು, ದಾರ ಕಟ್ಟಿ, ಅರಗು ಹಚ್ಚಿದರು. ವಿಳಾಸ ಬರೆದರು: ಸಾಹೇಬರು, ಮೇಲಿನ ಮಹಡಿ. ಠಸ್ಸೆ ಬಿತ್ತು.

ಎರಡನೆಯ ಕಿಟಕಿಯ ಗುಮಾಸ್ತರು ವಿಳಾಸ ಓದಿ ಚಾವಣಿಯ ಕಡೆ ಬೆರಳು ತೋರಿಸಿದರು. “ಇವರು ಇಲ್ಲೇ ಇದಾರಲ್ವಾ?”

“ಇದಾರೆ.”

“ಮತ್ತೆ ಇದು ಚೀಲಕ್ಕೆ ಹೋಗುತ್ತಾ?”

“ಪಾರ್ಸಲ್ ಅಂದ್ಮೇಲೆ ಚೀಲಕ್ಕೆ ಹೋಗ್ಲೇಬೇಕಲ್ಲ,” ಎಂದರು ದಾರಪ್ಪನವರು.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿದಿರಬೇಕು. ಆ ಕಚೇರಿಗೆ ಬಂದ ಪಾರ್ಸಲ್ ಅದೇ ಬೀದಿಯ ಎದುರುಮನೆಗೆ ಹೋಗಬೇಕಾದರೂ ಮೊದಲು ಸಂಜೆಯ ವ್ಯಾನಿನಲ್ಲಿ ರೈಲು ನಿಲ್ದಾಣಕ್ಕೆ, ಅಲ್ಲಿಂದ ರೈಲಿನಲ್ಲಿ ದೂರದ ದೊಡ್ಡ ಪಟ್ಟಣದ ವಿಂಗಡಣೆ ಕೇಂದ್ರಕ್ಕೆ ಹೋಗಿ, ಅಲ್ಲಿ ರಾಶಿಯಲ್ಲಿ ಕೂತು, ವಿಂಗಡಣೆಯಾಗಿ, ಬಂದ ದಾರಿಯಲ್ಲೇ ವಾಪಸ್ಸು ಬರಬೇಕು. ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ದಾರಪ್ಪನವರಂತೂ ಇದನ್ನು ಕಚೇರಿಯ ಹೆಮ್ಮೆ ಎಂದೇ ತಿಳಿದಿದ್ದರು. ಅಲ್ಲದೆ ಇಪ್ಪತ್ತೊಂದು ವರ್ಷದಲ್ಲಿ ಅವರು ಒಂದೇ ಒಂದು ನಿಯಮ ಮುರಿದವರಲ್ಲ.

ಟೊಮೇಟೊಗಳು ಪ್ರಯಾಣ ಹೊರಟವು. ದಾರಪ್ಪನವರು ತಲೆಯ ಮೇಲೆ ಸಾಹೇಬರ ಕುರ್ಚಿ ಕಿರುಗುಟ್ಟುವುದನ್ನು ಕೇಳುತ್ತಾ ದಿನ ಎಣಿಸಿದರು. ಇವತ್ತು ರೈಲು ಹತ್ತಿರಬೇಕು. ಇವತ್ತು ಪಟ್ಟಣ ಮುಟ್ಟಿರಬೇಕು. ಐದನೆಯ ದಿನ ಬಿಸಿಲು ಜೋರಾಯಿತು. ಅವರಿಗೆ ಯಾಕೋ ಸ್ವಲ್ಪ ಕಸಿವಿಸಿಯಾಯಿತು, ಆದರೆ ತಮ್ಮ ಗಂಟಿನ ಮೇಲೆ ಅವರಿಗೆ ನಂಬಿಕೆ ಇತ್ತು.

ಒಂಬತ್ತನೆಯ ದಿನ ಪೆಟ್ಟಿಗೆ ಅವರ ಕಿಟಕಿಗೇ ವಾಪಸ್ಸು ಬಂತು. ಗಂಟು ಒಂದಿಷ್ಟೂ ಸಡಿಲವಾಗಿರಲಿಲ್ಲ. ಸಡಿಲವಾಗಿದ್ದದ್ದು ಉಳಿದದ್ದೆಲ್ಲ. ತಳದಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು, ಜೊತೆಗೆ ಚೀಲದ ಇತರ ಪಾರ್ಸಲುಗಳೂ ನೆಂದಿದ್ದವು. ಯಾರಿಗೋ ಬಂದ ಉಣ್ಣೆಯ ಟೊಪ್ಪಿಯೊಂದು ಬಣ್ಣ ಬದಲಾಯಿಸಿತ್ತು. ನಿಯಮದ ಪ್ರಕಾರ ದಾರಪ್ಪನವರು ಪುಸ್ತಕದಲ್ಲಿ “ಸೋರುತ್ತಿದೆ” ಎಂದು ಷರಾ ಬರೆದು ಮೇಲಕ್ಕೆ ಕಳಿಸಿದರು. ಜವಾನರು ಅದನ್ನು ಕೈ ಚಾಚಿ ಹಿಡಿದು, ಮುಖ ಹಿಂದಕ್ಕೆ ತಿರುಗಿಸಿ, ಮೆಟ್ಟಿಲನ್ನು ಕಾಲಿನಿಂದಲೇ ತಡಕುತ್ತಾ ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿಗಳೆಲ್ಲ ಒಂದಾದ ಮೇಲೊಂದು ತೆರೆದುಕೊಂಡ ಸದ್ದು ಕೇಳಿಸಿತು.

ಸಂಜೆಯೊಳಗೆ ಪತ್ರ ಬಂತು. “ನನ್ನ ಹೆಸರಿಗೆ ಬಂದ ಪಾರ್ಸಲಿನಲ್ಲಿ, ಕ್ರಮಸಂಖ್ಯೆ ಒಂದು: ಕೆಂಪು ದ್ರವ. ಕ್ರಮಸಂಖ್ಯೆ ಎರಡು: ದುರ್ವಾಸನೆ. ಕ್ರಮಸಂಖ್ಯೆ ಮೂರು: ನೊಣಗಳು, ಹನ್ನೊಂದು. ಇದು ಕಾಂಕ್ರೀಟು ಆದೇಶದ ವಿರುದ್ಧದ ಪ್ರತಿಭಟನೆಯೇ ಎಂಬ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು.”

ದಾರಪ್ಪನವರು “ಪ್ರತಿಭಟನೆ ಅಲ್ಲ, ಟೊಮೇಟೊ” ಎಂದು ಸಮಜಾಯಿಷಿ ಬರೆದು ಕಳಿಸಿದರು. ಅದರ ಬೆನ್ನ ಮೇಲೇ ಸಾಹೇಬರ ಷರಾ ಬಂತು: “ಟೊಮೇಟೊ ಎಂಬುದಕ್ಕೆ ಪುರಾವೆ ಒದಗಿಸಿ.”

ಈ ಪುರಾವೆಯ ವಿಷಯವಾಗಿ ಅವರು ಮೇಷ್ಟ್ರ ಸಲಹೆ ಕೇಳಿದರು. ಮೇಷ್ಟ್ರು ಬೇಲಿಗೆ ಒರಗಿ, ಕನ್ನಡಕ ಒರೆಸಿಕೊಂಡು, ಪಾಠ ಶುರುಮಾಡಿದರು.

“ಅಂಗಡಿಯವರು ಹೇಗೆ ತರಿಸ್ತಾರೆ, ಯೋಚನೆ ಮಾಡು. ಅಷ್ಟು ದೂರದಿಂದ ಬಂದ್ರೂ ಅದು ಗುಂಡಗೆ, ಗಟ್ಟಿಯಾಗೇ ಇರುತ್ತಲ್ಲ, ಹೇಗೆ?”

“ಹೇಗೆ ಮೇಷ್ಟ್ರೇ?”

“ಕಾಯಿದ್ದಾಗ್ಲೇ ಕೀಳ್ತಾರೆ. ದಾರೀಲಿ ಕೆಂಪಗಾಗುತ್ತೆ. ನೀನೂ ಹಾಗೇ ಮಾಡು.”

ದಾರಪ್ಪನವರು ಹಾಗೇ ಮಾಡಿದರು. ಹಸಿರು ಕಾಯಿ ಕೀಳುವಾಗ ಗಿಡ ಬಿಟ್ಟುಕೊಡಲಿಲ್ಲ, ತೊಟ್ಟು ಹಿಡಿದು ಜಗ್ಗಬೇಕಾಯಿತು. ಅವರಿಗೆ ಕಳ್ಳತನ ಮಾಡಿದ ಹಾಗನ್ನಿಸಿತು. ಒಂಬತ್ತು ದಿನ ಕಳೆದು ಪೆಟ್ಟಿಗೆ ಮರಳಿದಾಗ ಅದು ಸೋರುತ್ತಿರಲಿಲ್ಲ, ನಾರುತ್ತಿರಲಿಲ್ಲ. ಜವಾನರು ಅದನ್ನು ಎದೆಗೆ ಒತ್ತಿಕೊಂಡು ಮೇಲೆ ಒಯ್ದರು. ದಾರಪ್ಪನವರು ಚಾವಣಿ ನೋಡುತ್ತಾ ಕೂತರು. ಹಿಂದಿನ ಗೋಡೆಯಾಚೆ ಲಾರಿಯೊಂದು ಬಂದು ಜಲ್ಲಿ ಸುರಿದು ಹೋಯಿತು, ಕಾಂಕ್ರೀಟಿಗೆ.

ಈ ಸಲದ ಪತ್ರ ಚಿಕ್ಕದು. “ಮಾದರಿಯನ್ನು ಖುದ್ದಾಗಿ ಪರೀಕ್ಷಿಸಲಾಯಿತು. ಬಣ್ಣ: ಕೆಂಪು. ರುಚಿ: ಇಲ್ಲ. ಅಂಗಡಿಯಲ್ಲಿ ಸಿಗುವುದಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ. ಇದಕ್ಕಾಗಿ ಜಾಗ ಬಿಡುವ ಅಗತ್ಯವಿಲ್ಲ. ಆದೇಶ ಜಾರಿಯಲ್ಲಿರುತ್ತದೆ.”

ಮೊದಲ ಪತ್ರ ಅವರಿಗೆ ಹೆದರಿಕೆ ತಂದಿತ್ತು. ಇದು ನೋವು ತಂದಿತು. ರುಚಿ ಇಲ್ಲ. ಅವರ ಟೊಮೇಟೊಗೆ. ಮನೆಗೆ ಹೋಗಿ, ಚಪ್ಪಲಿ ಬಿಡದೆ ಜಗುಲಿಯ ಮೇಲೆ ಕೂತುಬಿಟ್ಟರು. ಹೆಂಡತಿ ಅವರ ಜೇಬಿನಿಂದ ಪತ್ರ ತೆಗೆದು ಓದಿದಳು. ಅಲ್ಲಿಯವರೆಗೆ ಆಕೆಗೆ ಪಾರ್ಸಲಿನ ಸಂಗತಿ ಏನೂ ಗೊತ್ತಿರಲಿಲ್ಲ. ಒಂದೊಂದಾಗಿ ಬಾಯಿಬಿಡಿಸಿದಳು.

“ಸಾಹೇಬ್ರು ಎಲ್ಲಿ ಕೂತ್ಕೋತಾರೆ?”

“ಮೇಲೆ.”

“ಎಷ್ಟು ಮೆಟ್ಟಿಲು?”

“ಇಪ್ಪತ್ತೆರಡು.”

“ನಿಮ್ಮ ಪೆಟ್ಟಿಗೆ ಎಷ್ಟು ದಿನ ತಗೊಳ್ತು?”

“ಒಂಬತ್ತು.”

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ನಗು ತಡೆಯಲಾರದೆ ಪಾತ್ರೆಯ ಮೇಲೆ ಬಿದ್ದದ್ದು ಆಕೆಯೇ. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಹೊರಗೆ ಬಂದು, ಗಂಡನ ಮುಖ ನೋಡಿ, ಪಕ್ಕದಲ್ಲಿ ಕೂತಳು.

“ಹಣ್ಣಾಗೋಕೆ ಮುಂಚೆ ಕಿತ್ತು, ಕತ್ತಲೆ ಪೆಟ್ಟಿಗೇಲಿ ಒಂಬತ್ತು ದಿನ ಕೂಡಿಹಾಕಿದ್ರೆ ಅದಕ್ಕೆ ರುಚಿ ಎಲ್ಲಿಂದ ಬರ್ಬೇಕು, ರೀ? ಗಿಡ ಕೊಡೋದನ್ನ ಪೂರ್ತಿ ಕೊಡೋಕೆ ನೀವು ಬಿಡಲಿಲ್ಲ. ಅದು ಅಂಗಡಿ ಹಣ್ಣೇ ಆಯ್ತು. ನಾನು ಬಂದು ಆ ಸಾಹೇಬ್ರಿಗೆ ಹೇಳ್ಲಾ?”

“ನೀನು ಬರ್ಬೇಡ,” ಎಂದರು ದಾರಪ್ಪನವರು ಗಾಬರಿಯಿಂದ. “ನಿನಗೆ ಮಾರ್ಗ ಗೊತ್ತಿಲ್ಲ.”

ಇನ್ನು ಉಳಿದದ್ದು ಒಂಬತ್ತೇ ದಿನ. ಮೇಷ್ಟ್ರು ಕೊನೆಯ ಸಲಹೆ ಕೊಟ್ಟರು: ಕಿತ್ತ ಹಣ್ಣು ಕೆಡುತ್ತದೆ, ಹಾಗಿದ್ದ ಮೇಲೆ ಕೀಳುವುದೇ ಬೇಡ, ಗಿಡವನ್ನೇ ಬೇರು ಸಮೇತ ಕಳಿಸು. ಇದರಲ್ಲಿ ತರ್ಕ ಇತ್ತು. ದಾರಪ್ಪನವರಿಗೆ ತರ್ಕ ಇದ್ದ ಮಾತು ಕೇಳಿದರೆ ಬುದ್ಧಿ ನಿಂತುಬಿಡುತ್ತಿತ್ತು. ಅತ್ಯಂತ ಸೊಗಸಾದ ಗಿಡವೊಂದನ್ನು ಮಣ್ಣಿನ ಮುದ್ದೆಯ ಸಮೇತ ಎತ್ತಿ, ಮರದ ಪೆಟ್ಟಿಗೆಯಲ್ಲಿ ಇಳಿಸಿ, ಉಸಿರಾಡಲು ಅಲ್ಲಲ್ಲಿ ತೂತು ಕೊರೆದು, ಮೇಲೆ “ನೀರು ಹಾಕಿ” ಎಂದು ಬರೆದು ಕಳಿಸಿದರು.

ಐದನೆಯ ದಿನವೇ ಅದು ವಾಪಸ್ಸಾಯಿತು. ವಿಂಗಡಣೆ ಕೇಂದ್ರದವರು ಚೀಟಿ ಅಂಟಿಸಿದ್ದರು: “ಒಳಗೆ ಜೀವವಿರುವ ವಸ್ತು ಇದೆ. ಮೂಲಸ್ಥಳದ ಮಹಜರು ಇಲ್ಲದೆ ಮುಂದಕ್ಕೆ ಸಾಗಿಸಲಾಗದು. ಕಟ್ಟಡದ ಅತಿ ಹಿರಿಯ ಅಧಿಕಾರಿ ಖುದ್ದಾಗಿ ಸ್ಥಳಕ್ಕೆ ತೆರಳಿ ಪರಿಶೀಲಿಸಿ ವರದಿ ಮಾಡತಕ್ಕದ್ದು.” ಗಿಡ ತಲೆ ಬಾಗಿಸಿ, ಎಲೆ ಉದುರಿಸಿ, ಪೆಟ್ಟಿಗೆಯ ಮೂಲೆಗೆ ಒರಗಿತ್ತು. ಯಾರೂ ನೀರು ಹಾಕಿರಲಿಲ್ಲ.

ಚೀಟಿ ಮೇಲೆ ಹೋಯಿತು. ಮಾರನೆಯ ದಿನ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಐದು ತಿಂಗಳಲ್ಲಿ ಮೊದಲ ಬಾರಿ, ಕ್ರಮಸಂಖ್ಯೆ ಸಾಹೇಬರು ಕೆಲಸದ ಹೊತ್ತಿನಲ್ಲಿ ಮೆಟ್ಟಿಲಿಳಿದರು. ತೆಳ್ಳಗಿನ ಮನುಷ್ಯ, ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹಿಂದೆ ಜವಾನರು ಅಳತೆಯ ಟೇಪು, ಫೈಲು, ಒಂದು ಮಡಚುವ ಕುರ್ಚಿ ಹೊತ್ತು ಬಂದರು. ದಾರಪ್ಪನವರು ಹಿಂದಿನ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಬೆಳಿಗ್ಗೆಯ ಭಯದಲ್ಲಿ ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಬಂದಿದ್ದರು.

“ಕ್ರಮಸಂಖ್ಯೆ ಒಂದು, ಗಿಡ ಎಲ್ಲಿಂದ ಕಿತ್ತದ್ದು?”

ದಾರಪ್ಪನವರು ಗುಂಡಿ ತೋರಿಸಿದರು. ಸಾಹೇಬರು ಗುಂಡಿಯ ಅಗಲ ಅಳೆಸಿದರು, ಆಳ ಅಳೆಸಿದರು, ಬರೆದುಕೊಂಡರು.

“ಕ್ರಮಸಂಖ್ಯೆ ಎರಡು, ಹಿಂದೆ ಕಳಿಸಿದ ಮಾದರಿಗಳೂ ಇಲ್ಲಿಯವೇನಾ?”

“ಇಲ್ಲಿಯವೇ ಸಾರ್.”

“ಎರಡು ಮಾದರಿಗಳಿಗೂ ಒಂದಕ್ಕೊಂದು ಹೋಲಿಕೆ ಇಲ್ಲ. ಒಂದು ನೀರು, ಒಂದು ಹತ್ತಿ. ಅದಕ್ಕೇ ಮೂರನೇ ಮಾದರಿಯನ್ನ ಮುಚ್ಚಿ ಮೊಹರು ಮಾಡಿ ದೊಡ್ಡ ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸ್ಬೇಕು. ಪಾರ್ಸಲಲ್ಲಿ.”

“ಅಲ್ಲಿಗೆ ಹೋಗಿ ಬಂದ್ರೆ ಅದೂ ಹಾಗೇ ಆಗುತ್ತೆ, ಸ್ವಾಮಿ.”

ಈ ಮಾತು ಹೇಳಿದ್ದು ದಾರಪ್ಪನವರಲ್ಲ. ಎಲ್ಲರೂ ತಿರುಗಿ ನೋಡಿದರು. ಊಟದ ಡಬ್ಬಿ ಹಿಡಿದುಕೊಂಡು ಅವರ ಹೆಂಡತಿ ಹಿಂದಿನ ಗೇಟಿನಲ್ಲಿ ನಿಂತಿದ್ದಳು. ದಾರಪ್ಪನವರು ಬೇಡ ಬೇಡ ಎಂದು ಕೈಯಾಡಿಸಿದರು.

“ಇವರು ಯಾರು?” ಎಂದರು ಸಾಹೇಬರು.

“ಇವರ ಮನೆಯವಳು. ಡಬ್ಬಿ ಮರೆತು ಬಂದಿದ್ರು, ಕೊಟ್ಟು ಹೋಗೋಣ ಅಂತ ಬಂದೆ. ಪಟ್ಟಣದವರು ಯಾಕೆ ಸ್ವಾಮಿ, ನೀವೇ ಇಲ್ಲೇ ಒಂದು ತಿಂದು ನೋಡಿ. ಒಂದು ನಿಮಿಷದ ಕೆಲಸ.”

“ನಾನು ಯಾರ ಕೈಯಿಂದಾನೂ ಏನೂ ತಗೊಳ್ಳೋದಿಲ್ಲಮ್ಮ.”

“ಕೈಯಿಂದ ಯಾರು ಕೊಡ್ತಿದಾರೆ? ಗಿಡದಲ್ಲಿದೆ. ನೀವೇ ಕಿತ್ಕೊಳ್ಳಿ.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಮನಸ್ಸಿನಲ್ಲೇ ನಿಯಮಗಳ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದಂತೆ ಕಂಡಿತು. ಕೊಡುವವರು, ತೆಗೆದುಕೊಳ್ಳುವವರು, ಮಾರ್ಗ, ಎಲ್ಲದರ ಬಗ್ಗೆಯೂ ಬರೆದಿತ್ತು. ಗಿಡದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅವರು ಬಗ್ಗಿದರು. ಬಿಸಿಲಿಗೆ ಬೆಚ್ಚಗಾಗಿದ್ದ ಹಣ್ಣೊಂದನ್ನು ಹಿಡಿದರು. ಜಗ್ಗುವ ಮೊದಲೇ ಅದು ಕೈಗೆ ಬಂತು.

ಕಚ್ಚಿದರು. ರಸ ಚಿಮ್ಮಿ ಬಿಳಿ ಅಂಗಿಯ ಮೇಲೆ, ಎರಡು ಪೆನ್ನುಗಳ ಕೆಳಗೆ, ಕೆಂಪು ಗೆರೆ ಹರಿಯಿತು. ಜವಾನರು ಕರವಸ್ತ್ರ ತೆಗೆದರು. ಸಾಹೇಬರು ಗಮನಿಸಲಿಲ್ಲ. ತೊಟ್ಟಿನವರೆಗೆ ತಿಂದು, ತೊಟ್ಟನ್ನು ನೋಡಿ, ಏನೂ ಬರೆಯದೆ ಇನ್ನೊಂದಕ್ಕೆ ಕೈ ಹಾಕಿದರು. ಅದನ್ನೂ ಮುಗಿಸಿದರು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದರು.

“ಉಪ್ಪು ಇದೆಯಾ?”

ದಾರಪ್ಪನವರ ಹೆಂಡತಿ ಡಬ್ಬಿ ಬಿಚ್ಚಿದಳು. ಡಬ್ಬಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕೈಯಿಂದ ಕೊಡದೆ, ತಳ್ಳುಗಾಡಿಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಸಾಹೇಬರು ತಾವಾಗಿಯೇ ತೆಗೆದುಕೊಂಡರು. ಮಡಚುವ ಕುರ್ಚಿಯನ್ನು 'ಕಸಕಡ್ಡಿ'ಯ ನಡುವೆ ಹಾಕಿಸಿಕೊಂಡು ಕೂತರು. ಸೌತೆಕಾಯಿ ಕಿತ್ತರು. ಹುರುಳಿಕಾಯಿ ಹಸಿಯದನ್ನೇ ಮುರಿದರು. ಟಕ್ ಎಂದು ಸದ್ದಾಯಿತು, ದಾರಪ್ಪನವರು ಹೆಂಡತಿಯ ಕಡೆ ನೋಡಿದರು, ಆಕೆ ಬೇರೆ ಕಡೆ ನೋಡಿದಳು.

“ಹನ್ನೆರಡು ವರ್ಷದಲ್ಲಿ ಏಳು ವರ್ಗಾವಣೆ,” ಎಂದರು ಸಾಹೇಬರು. ಅಂಕಿಗಳಿದ್ದರೂ ಈ ಸಲ ಮಾತಿನ ಧಾಟಿ ಬೇರೆ ಇತ್ತು. “ಮನೆಯವರು ಒಂದು ಊರಲ್ಲಿ, ನಾನು ಒಂದು ಊರಲ್ಲಿ. ಮಧ್ಯಾಹ್ನ ಮೇಲೆ ಕೂತು ನಾಲ್ಕು ತುಂಡು ಬ್ರೆಡ್ಡು ತಿಂತೀನಿ. ಯಾವ ಊರಿಗೆ ಹೋದ್ರೂ ತರಕಾರಿ ಒಂದೇ ತರ ಇರ್ತಿತ್ತು. ನನ್ನ ನಾಲಿಗೆನೇ ಸತ್ತುಹೋಗಿದೆ ಅಂದ್ಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.”

ಜವಾನರು ಸದ್ದಿಲ್ಲದೆ ಒಂದು ಸೌತೆಕಾಯಿ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು.

ಸಾಹೇಬರು ಬಾಯಿ ಒರೆಸಿಕೊಂಡು ಎದ್ದರು. ಏಳುತ್ತಿದ್ದ ಹಾಗೇ ಮತ್ತೆ ಸಾಹೇಬರಾದರು. “ಈ ಕಾಂಕ್ರೀಟಿನ ಆದೇಶ ನನ್ನದೇ. ವಾಪಸ್ಸು ತಗೋಬಹುದು. ಆದ್ರೆ ಒಂದು ಷರತ್ತು. ದಿನಾ ಒಂದು ಬುಟ್ಟಿ ಮೇಲೆ ಬರ್ಬೇಕು. ಬೆಳಿಗ್ಗೇನೇ ಕಿತ್ತು, ತೊಳೆದು, ಪಟ್ಟಿ ಮಾಡಿ, ಪ್ಯಾಕ್ ಮಾಡಿ ಜವಾನರ ಹತ್ರ ಕೊಡಿ. ನಾನು ರುಜು ಹಾಕಿ ಇಟ್ಕೋತೀನಿ. ಹೊತ್ತಾದಾಗ ತಿಂತೀನಿ. ಒಪ್ಪಿಗೆನಾ?”

ಒಪ್ಪಿಗೆ ಎಂದುಬಿಟ್ಟರೆ ತೋಟ ಉಳಿಯುತ್ತಿತ್ತು. ಕಾಂಕ್ರೀಟಿನವರು ಬರಲು ಮೂರೇ ದಿನ ಇತ್ತು, ಜಲ್ಲಿಯ ರಾಶಿ ಗೋಡೆಯಾಚೆ ಕಾಣುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ದಾರಪ್ಪನವರು ಯಾವ ವಸ್ತುವನ್ನೂ ಕಳಿಸಲಾಗದು ಎಂದು ಹೇಳಿದವರಲ್ಲ. ಗಾಜಿನ ದೀಪ ಕಳಿಸಿದ್ದರು, ಗೋಡೆ ಗಡಿಯಾರ ನಡೆಯುತ್ತಿರುವಾಗಲೇ ಕಳಿಸಿದ್ದರು. ಅವರು ಬಾಯಿ ತೆರೆದರು. ಬಾಗಿಲ ಪಕ್ಕ ಇಟ್ಟಿದ್ದ, ವಾಪಸ್ಸು ಬಂದ ಪೆಟ್ಟಿಗೆಯಲ್ಲಿ ಒರಗಿ ನಿಂತಿದ್ದ ಗಿಡ ಕಣ್ಣಿಗೆ ಬಿತ್ತು.

“ಆಗೋದಿಲ್ಲ ಸಾರ್,” ಎಂದರು.

ಜವಾನರು ಕಣ್ಣು ಮುಚ್ಚಿಕೊಂಡರು. ಹೆಂಡತಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಹಾಗೇ ನಿಂತಳು.

“ಏನಂದ್ರಿ?”

“ಮೇಲಕ್ಕೆ ಬರೋಷ್ಟರಲ್ಲಿ ಇದು ಇದೇ ಆಗಿರಲ್ಲ ಸಾರ್. ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನಕ್ಕೆ ಬೇರೆ. ಬುಟ್ಟೀಲಿಟ್ಟದ್ದು ಬೇರೆ. ನಾನು ಮೂರು ಸಲ ಕಳಿಸಿದೆ, ಮೂರು ಸಲಾನೂ ಬೇರೆ ಏನೋ ನಿಮ್ಮನ್ನ ಮುಟ್ತು.” ದಾರಪ್ಪನವರು ಜೇಬಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮಾತು ಮುಂದುವರಿಸಿದರು. “ಇದನ್ನ ಕಳಿಸೋಕೆ ಬರಲ್ಲ ಸಾರ್. ನೀವೇ ಬರ್ಬೇಕು.”

ಸಾಹೇಬರು ಅವರನ್ನು ನೋಡಿದರು. ತಮ್ಮ ಅಂಗಿಯ ಮೇಲಿನ ಕಲೆ ನೋಡಿದರು. ಫೈಲು ಬಿಚ್ಚಿ, ಏನೋ ಬರೆಯಲು ಹೋಗಿ, ಮುಚ್ಚಿದರು.

“ಎಷ್ಟು ಗಂಟೆಗೆ?” ಎಂದು ಕೇಳಿದರು.